ತಪ್ಪು ಹಿಡಿದವರಿಗೆ ಸೀಮೆಸುಣ್ಣ

ಏಳನೇ ತರಗತಿಯ ಲೆಕ್ಕದ ಟೀಚರು ಬೋರ್ಡಿನ ಮೇಲೆ ದಿನಕ್ಕೊಂದಾದರೂ ತಪ್ಪು ಮಾಡುತ್ತಿದ್ದರು. ಕೆಲವು ಬೇಕೆಂದೇ ಮಾಡಿದವು, ಕೆಲವು ತಾವಾಗಿ ಆದವು. ಯಾವುದು ಯಾವ ಬಗೆಯದು ಎಂದು ಇಪ್ಪತ್ತಾರು ವರ್ಷಗಳಲ್ಲಿ ಅವರು ಯಾರೆದುರೂ ಬಾಯಿಬಿಟ್ಟಿರಲಿಲ್ಲ. ಆ ಕೋಣೆಗೆ ಇದ್ದದ್ದು ಒಂದೇ ಕಾನೂನು. ತಪ್ಪು ಮೊದಲು ಯಾರ ಕಣ್ಣಿಗೆ ಬೀಳುತ್ತದೋ ಅವರು "ಮಿಸ್, ತಪ್ಪು!" ಎಂದು ಕೂಗಬೇಕು. ಕೂಗಿದವರ ಕೈಗೆ ಟೀಚರು ಸೀಮೆಸುಣ್ಣ ಕೊಟ್ಟು, ತಾವು ಹೋಗಿ ಅವರ ಜಾಗದಲ್ಲಿ ಕೂರಬೇಕು. ಲೆಕ್ಕ ಸರಿಯಾಗುವ ತನಕ ಮಗುವೇ ಟೀಚರು, ಟೀಚರೇ ಮಗು. ಇವರದು ಸ್ವಲ್ಪ ಧಾರಾಳ ಮೈಕಟ್ಟು. ಮೂರು ಮಕ್ಕಳ ಬೆಂಚಿನಲ್ಲಿ ಇವರು ಕೂತರೆ ಅಂಚಿನ ಮಗು ಅರ್ಧ ಬೆಂಚಿನ ಮೇಲೆ, ಅರ್ಧ ಗಾಳಿಯಲ್ಲಿ. ಆದರೂ ಮಿಸ್ ತನ್ನ ಪಕ್ಕದಲ್ಲೇ ಬಂದು ಕೂರಲಿ ಎಂದು ಆಸೆಪಡದ ಮಗು ಆ ತರಗತಿಯಲ್ಲಿರಲಿಲ್ಲ.

ಎಲ್ಲರಿಗಿಂತ ಮೊದಲು ಕೂಗುವವಳು ಎರಡನೇ ಬೆಂಚಿನ ಒಬ್ಬ ಸಣಕಲು ಹುಡುಗಿ. ಅವಳ ದನಿಗೆ ಗೇಟಿನ ಹತ್ತಿರ ತೂಕಡಿಸುವ ಕಾವಲುಗಾರನೂ ಬೆಚ್ಚಿ ಏಳುತ್ತಿದ್ದ. ಅದಕ್ಕೇ ಅವಳಿಗೆ ಅಲಾರಾಂ ಎಂದು ಹೆಸರು ಬಿದ್ದಿತ್ತು. ಆ ಅಲಾರಾಂ ಅನ್ನೂ ಸೇರಿಸಿ ಇಡೀ ತರಗತಿಯನ್ನು ಹದ್ದುಬಸ್ತಿನಲ್ಲಿ ಇಟ್ಟವಳು ಲೀಡರ್ ಹುಡುಗಿ. ಬಾಗಿಲಲ್ಲಿ ನಿಂತು "ಒಳಗೆ ನಡೀರಿ, ಒಳಗೆ ನಡೀರಿ" ಎಂದು ಎಲ್ಲರನ್ನೂ ದಬ್ಬುತ್ತಿದ್ದುದರಿಂದ ಅವಳು ಕಂಡಕ್ಟರ್.

ಸ್ಟಾಫ್ ರೂಮಿನಲ್ಲಿ ಈ ಪದ್ಧತಿಗೆ ಒಳ್ಳೆಯ ಹೆಸರೇನೂ ಇರಲಿಲ್ಲ. "ದೊಡ್ಡವರ ತಪ್ಪು ಎತ್ತಿ ಆಡೋದನ್ನ ನೀವೇ ಹೇಳಿಕೊಡ್ತಾ ಇದ್ದೀರಿ. ಆಮೇಲೆ ನಮ್ಮ ಕ್ಲಾಸಿಗೆ ಬಂದು ನಮ್ಮ ಜೀವ ತಿಂತಾರೆ" ಎಂದು ಡ್ರಾಯಿಂಗ್ ಮೇಷ್ಟ್ರು ಗೊಣಗುತ್ತಿದ್ದರು. ಅವರು ಬರೆದ ಕುದುರೆಗೆ ಐದನೇ ಕಾಲು ಇದೆ ಎಂದು ಅಲಾರಾಂ ಒಮ್ಮೆ ಕೂಗಿದ್ದಳು. ಅದು ಬಾಲವಂತೆ. ಹೆಡ್‌ಮಾಸ್ಟರಿಗೆ ಮಾತ್ರ ಇದೆಲ್ಲ ಬಹಳ ಇಷ್ಟ. ವರಾಂಡದಲ್ಲಿ ಹೋಗುವಾಗ ಟೀಚರು ಬೆಂಚಿನಲ್ಲಿ ಕೂತಿದ್ದು ಕಂಡರೆ ಕಿಟಕಿಯಲ್ಲಿ ತಲೆ ಹಾಕಿ, "ಇವತ್ತು ಸಿಕ್ಕಿಬಿದ್ರಾ?" ಎಂದು ನಕ್ಕು ಮುಂದೆ ಹೋಗುತ್ತಿದ್ದರು.

ಈ ವರ್ಷ ಮೇಲಿನಿಂದ ಹೊಸ ಆದೇಶ ಬಂತು. ಮಕ್ಕಳಿಗೆ ಮಾತ್ರ ಅಂಕ ಕೊಟ್ಟರೆ ಸಾಲದು, ಟೀಚರುಗಳಿಗೂ ಕೊಡಬೇಕು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ತರಗತಿಯ ಸರಾಸರಿ ಎಷ್ಟು ಬಂತು, ಹೋದ ವರ್ಷಕ್ಕಿಂತ ಏರಿತೋ ಇಳಿಯಿತೋ ಎಂಬುದಕ್ಕೆ ನಲವತ್ತು ಅಂಕ. ವೀಕ್ಷಕರೊಬ್ಬರು ತರಗತಿಗೆ ಬಂದು ಕೂತು ಪಾಠ ನೋಡಿ ಕೊಡುವುದು ಅರವತ್ತು. ಎರಡೂ ಸೇರಿ ಅರವತ್ತು ಮುಟ್ಟದವರಿಗೆ ಮುಂದಿನ ಅವಧಿಯಿಂದ ತರಗತಿ ಇಲ್ಲ. ಅವರು ಇಲಾಖೆಯ ಪಠ್ಯಪುಸ್ತಕದ ಉಗ್ರಾಣಕ್ಕೆ ಹೋಗಿ ಪುಸ್ತಕ ಎಣಿಸಬೇಕು. ಲೆಕ್ಕದ ಟೀಚರು ಒಂದು ಸಲ ಆ ಉಗ್ರಾಣ ನೋಡಿ ಬಂದಿದ್ದರು. ಉದ್ದನೆಯ ಕೋಣೆ, ಸೂರಿನವರೆಗೆ ಕಟ್ಟುಗಳು, ಒಂದು ಫ್ಯಾನು. ಇಡೀ ಕಟ್ಟಡದಲ್ಲಿ ಮಗು ಅನ್ನುವ ವಸ್ತು ಪುಸ್ತಕದ ಚಿತ್ರಗಳಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಅಲ್ಲಿ ತಾನು ಒಂದು ತಿಂಗಳೂ ಬದುಕಲಾರೆ ಎಂದು ಅವರಿಗೆ ಅವತ್ತೇ ಅನ್ನಿಸಿತ್ತು.

ಸೋಮವಾರ ಬೆಳಿಗ್ಗೆ ಹೆಡ್‌ಮಾಸ್ಟರು ಅವರನ್ನು ಕರೆದು ಕಂಪ್ಯೂಟರಿನ ಮುಂದೆ ನಿಲ್ಲಿಸಿದರು. ಐವತ್ತಾರನೇ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿತವರು ಅವರು, ಅದೂ ಬಲಗೈಯ ಒಂದೇ ಬೆರಳಿಗೆ ಕಲಿಸಿದ್ದರು. ಎಲ್ಲ ತರಗತಿಗಳ ಅಂಕಪಟ್ಟಿಯನ್ನು ಆ ಒಂದು ಬೆರಳಿನಿಂದ ಮೂರು ಭಾನುವಾರ ಕೂತು ತುಂಬಿದ್ದರು. ಸರಾಸರಿ ಏರಿದ್ದರೆ ಚೌಕ ತಾನಾಗಿ ಹಸಿರಾಗುತ್ತಿತ್ತು, ಇಳಿದಿದ್ದರೆ ಕೆಂಪಾಗುತ್ತಿತ್ತು. ಇದನ್ನು ಯಾರೂ ಹೇಳಿಕೊಡದೆ ತಾವೇ ಹುಡುಕಿಕೊಂಡದ್ದು ಎಂದು ಎರಡು ಸಲ ಹೇಳಿದರು.

"ನಿಮ್ಮದು ಐವತ್ತೊಂದು ಬಂದಿದೆ ಟೀಚರ್. ಹೋದ ವರ್ಷ ಐವತ್ತಾರು ಇತ್ತು. ಸ್ವಲ್ಪ ಕೆಂಪಾಗಿದೆ. ನೀವೇನೂ ಯೋಚನೆ ಮಾಡ್ಬೇಡಿ, ವೀಕ್ಷಣೆಲಿ ಎತ್ತಿಬಿಡ್ತೀರಿ" ಎಂದು ಅವರ ಮುಖವನ್ನೇ ನೋಡಿದರು. "ಪಟ್ಟಿ ಹೇಗಿದೆ?"

ಟೀಚರ ಕಣ್ಣು ಆಗಲೇ ಮೂಲೆಯ ಚೌಕಕ್ಕೆ ಹೋಗಿ ನಿಂತಿತ್ತು. ಮಕ್ಕಳ ಸಂಖ್ಯೆ: ಮೂವತ್ತೆಂಟು. ನೂಲಿನ ಕಾರ್ಖಾನೆ ಮುಚ್ಚಿದಾಗ ಅವರ ತರಗತಿಯ ನಾಲ್ಕು ಮಕ್ಕಳು ಅಪ್ಪ ಅಮ್ಮನ ಜೊತೆ ಬೇರೆ ಊರಿಗೆ ಹೋಗಿದ್ದರು. ವರ್ಗಾವಣೆ ಪತ್ರಕ್ಕೆ ಸಹಿ ಹಾಕಿ, ತಲೆ ಸವರಿ ಕಳಿಸಿದ್ದು ಇದೇ ಹೆಡ್‌ಮಾಸ್ಟರು. ಪರೀಕ್ಷೆ ಬರೆದದ್ದು ಮೂವತ್ತನಾಲ್ಕು ಮಕ್ಕಳು. ಒಟ್ಟು ಅಂಕ ಸಾವಿರದ ಒಂಬೈನೂರ ಮೂವತ್ತೆಂಟು. ಅದನ್ನು ಮೂವತ್ತನಾಲ್ಕರಿಂದ ಭಾಗಿಸಿದರೆ ಐವತ್ತೇಳು. ಪಟ್ಟಿ ಹಳೆಯ ಹಾಜರಿಯ ಮೂವತ್ತೆಂಟರಿಂದ ಭಾಗಿಸಿತ್ತು. ಎಲ್ಲೋ ದೂರದ ಊರಿನಲ್ಲಿ ಬೇರೆ ಶಾಲೆಯ ಬೆಂಚಿನಲ್ಲಿ ಕೂತಿರುವ ನಾಲ್ಕು ಮಕ್ಕಳು ಇಲ್ಲಿ ನಾಲ್ಕು ಸೊನ್ನೆ ತೆಗೆದುಕೊಂಡಿದ್ದರು.

ಇಷ್ಟು ಲೆಕ್ಕ ಅವರ ತಲೆಯಲ್ಲಿ ಮುಗಿಯಲು ಒಂದು ನಿಮಿಷವೂ ಬೇಕಾಗಲಿಲ್ಲ. ತಿರುಗಿ ನೋಡಿದರೆ ಹೆಡ್‌ಮಾಸ್ಟರ ಮುಖ ಚಿತ್ರ ಬರೆದು ತಂದು ತೋರಿಸುವ ಮಗುವಿನ ಮುಖದ ಹಾಗಿತ್ತು.

"ಬಣ್ಣ ಚೆನ್ನಾಗಿದೆ ಸಾರ್" ಎಂದರು ಟೀಚರು.

ಇಪ್ಪತ್ತಾರು ವರ್ಷ ಮಕ್ಕಳಿಗೆ ತಪ್ಪು ಹಿಡಿಯುವುದನ್ನು ಕಲಿಸಿದ ಹೆಂಗಸು ಹೇಳಿದ ಮಾತು ಇದು. ನಗಬೇಕೋ ಬೈಯಬೇಕೋ ನೀವೇ ಹೇಳಿ.

ಮನೆಯಲ್ಲಿ ಬೈಯುವವರು ಇದ್ದರು. ಅವರ ಗಂಡ ಸಿಟಿ ಬಸ್ಸಿನ ಡ್ರೈವರ್. ಊರಿನ ಟ್ರಾಫಿಕ್ಕಿನಲ್ಲಿ ದಿನವಿಡೀ ಸಹನೆ ಖರ್ಚು ಮಾಡಿ ಬರುತ್ತಿದ್ದುದರಿಂದ ಮನೆಗೆ ಬಂದ ಮೇಲೆ ಉಳಿಯುತ್ತಿದ್ದದ್ದು ಕಡಿಮೆ. ಗುರುವಾರ ಸಂಜೆ ಇಬ್ಬರೂ ಅಡುಗೆಮನೆಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಾಗ ಟೀಚರು ಎಲ್ಲವನ್ನೂ ಹೇಳಿದರು.

"ಅಂದ್ರೆ, ನಿಮ್ಮ ಹೆಡ್‌ಮಾಸ್ಟರಿಗೆ ಬೇಜಾರಾಗುತ್ತೆ ಅಂತ ನೀನು ಹೋಗಿ ಉಗ್ರಾಣದಲ್ಲಿ ಕೂರ್ತೀಯಾ?"

"ನಿಮಗೆ ಗೊತ್ತಾಗಲ್ಲ ರೀ. ಅವರು ಎಷ್ಟು ಕಷ್ಟಪಟ್ಟು ಮಾಡಿದ್ದಾರೆ ಗೊತ್ತಾ? ನನಗೆ ಟೈಫಾಯಿಡ್ ಆದಾಗ ಮೂರು ವಾರ ನನ್ನ ಕ್ಲಾಸೆಲ್ಲ ಅವರೇ ತಗೊಂಡ್ರು. ಒಂದು ದಿನ ರಜ ಹಾಕಿಸಲಿಲ್ಲ. ಅಂಥವರ ಮುಂದೆ ನಿಂತು, ಸಾರ್ ನೀವು ಭಾಗಾಕಾರ ತಪ್ಪು ಮಾಡಿದ್ದೀರಿ ಅನ್ನಲಾ?"

"ಅನ್ನು."

"ಅನ್ನೋಕಾಗಲ್ಲ."

"ನನಗೆ ಮಾತ್ರ ದಿನಕ್ಕೆ ಹತ್ತು ಸಲ ಅನ್ನೋಕಾಗುತ್ತೆ."

"ನೀವು ಹತ್ತು ಸಲ ಮಾಡ್ತೀರಲ್ಲ" ಎಂದು ಟೀಚರು ಅವರ ಮುಂದಿದ್ದ ಕಾಯಿಗಳಲ್ಲಿ ನಾರು ಬಿಟ್ಟಿದ್ದ ಎರಡನ್ನು ಎತ್ತಿ ತೋರಿಸಿದರು. ಡ್ರೈವರ್ ಸಾಹೇಬರು ಅವನ್ನು ತೆಪ್ಪಗೆ ವಾಪಸ್ಸು ತೆಗೆದುಕೊಂಡರು.

ನಲವತ್ತರ ಲೆಕ್ಕದಲ್ಲಿ ಐವತ್ತೊಂದಕ್ಕೆ ಸಿಗುವುದು ಹದಿನಾಲ್ಕೇ ಅಂಕ. ಐವತ್ತೇಳಾಗಿದ್ದರೆ ಇಪ್ಪತ್ತಾರು. ಹದಿನಾಲ್ಕರ ಮೇಲೆ ನಾಳೆಯ ವೀಕ್ಷಣೆಯಲ್ಲಿ ನಲವತ್ತಾರು ಬರಬೇಕು. ಬರಿಸುತ್ತೇನೆ ಎಂದು ಟೀಚರು ಸೆರಗು ಸಿಕ್ಕಿಸಿಕೊಂಡರು. ಪಾಠ ಸರಾಸರಿಯದೇ. ಪುಸ್ತಕದ ಲೆಕ್ಕ ಬೇಡ, ಗಂಡನ ಬಸ್ಸಿನ ಲೆಕ್ಕ ಮಾಡಿಸೋಣ ಎಂದುಕೊಂಡು, ಹೋದ ವಾರ ಬಸ್ಸು ದಿನಕ್ಕೆ ಎಷ್ಟು ನಿಮಿಷ ತಡವಾಯಿತು ಎಂದು ಅವರಿಂದ ಕೇಳಿ ಬರೆದುಕೊಂಡರು. ಸೋಮವಾರ ಐದು, ಮಂಗಳವಾರ ಒಂಬತ್ತು. ಬುಧವಾರ ಬಸ್ಸು ರಿಪೇರಿಗೆ ಹೋಗಿ ಡಿಪೋದಲ್ಲೇ ಇತ್ತು, ಅವತ್ತಿಗೆ ಒಂದು ಗೀಟು. ಗುರುವಾರ ನಾಲ್ಕು, ಶುಕ್ರವಾರ ಎಂಟು, ಶನಿವಾರ ಹತ್ತು, ಭಾನುವಾರ ಆರು.

"ನಾಳೆ ಬೇಕಂತ ಒಂದು ತಪ್ಪನ್ನೂ ಮಾಡಲ್ಲ ರೀ. ಆ ಮೇಡಂಗೆ ಹಿಂದು ಮುಂದು ಗೊತ್ತಿರಲ್ಲ, ಸುಮ್ನೆ ಅಪಾರ್ಥ ಆಗುತ್ತೆ" ಎಂದು ಹೇಳಿ, ಚೀಟಿಯನ್ನು ಪರ್ಸಿನಲ್ಲಿಟ್ಟುಕೊಂಡರು.

ಬೇಕಂತ ಮಾಡುವ ತಪ್ಪನ್ನು ಬಿಡಬಹುದು. ಬೇಡವೆಂದರೂ ಆಗುವ ತಪ್ಪಿಗೆ ಏನು ಮಾಡುವುದು ಎಂದು ಅವರು ಯೋಚಿಸಿರಲಿಲ್ಲ.

ವೀಕ್ಷಕಿ ಮೇಡಂ ಶುಕ್ರವಾರ ಎರಡನೇ ಪೀರಿಯಡ್ಡಿಗೆ ಸರಿಯಾಗಿ ಬಂದರು. ನಲವತ್ತರ ಆಸುಪಾಸಿನ, ಇಸ್ತ್ರಿ ಮುರಿಯದ ಸೀರೆಯ ಹೆಂಗಸು. ಕೈಯಲ್ಲಿ ಎರಡು ಪೆನ್ನು. ಕಂಡದ್ದನ್ನು ಬರೆಯಲು ನೀಲಿ, ಕಾಣಬೇಕಾಗಿದ್ದು ಕಾಣದಿದ್ದರೆ ಕೆಂಪು. ಹಿಂದಿನ ಗೋಡೆಗೆ ಒರಗಿಸಿ ಹಾಕಿದ ಕುರ್ಚಿಯಲ್ಲಿ ಅವರು ಕೂತರು. ಮಕ್ಕಳಿಗೆ ಅಡ್ಡಿಯಾಗಬಾರದೆಂದು ವೀಕ್ಷಕರು ಪಾಠದ ನಡುವೆ ಎದ್ದು ಓಡಾಡುವಂತಿಲ್ಲ. ಮುಖದಲ್ಲಿ ಸಿಟ್ಟೂ ಇಲ್ಲ, ನಗುವೂ ಇಲ್ಲ.

ಬಸ್ಸಿನ ಲೆಕ್ಕ ಎಂದಾಗ ಮಕ್ಕಳ ಕಣ್ಣು ಅರಳಿದವು. ಬುಧವಾರ ಯಾಕೆ ಗೀಟು ಎಂದು ಕೇಳಿದರೆ, ಹಿಂದಿನ ಬೆಂಚಿನ ಹುಡುಗ ಎದ್ದು "ಬಸ್ಸು ಡಿಪೋದಲ್ಲಿತ್ತು ಮಿಸ್" ಎಂದು ನೀಟಾಗಿ ಉತ್ತರ ಕೊಟ್ಟ. ನಿಮಿಷಗಳನ್ನೆಲ್ಲ ಕೂಡಿದರು. ನಲವತ್ತೆರಡು. ಟೀಚರು ಬೋರ್ಡಿನ ಕಡೆ ತಿರುಗಿದರು. ಆ ಕ್ಷಣದಲ್ಲಿ ಅವರ ತಲೆಯಲ್ಲಿ ಇದ್ದದ್ದು ನಲವತ್ತೆರಡಲ್ಲ. ಐವತ್ತೊಂದು, ಹದಿನಾಲ್ಕು, ನಲವತ್ತಾರು, ಹಿಂದಿನಿಂದ ಕೇಳಿಬರುತ್ತಿದ್ದ ಪೆನ್ನಿನ ಸರಸರ. ಕೈ ತನ್ನಷ್ಟಕ್ಕೆ ಬರೆಯಿತು: ವಾರಕ್ಕೆ ಏಳು ದಿನ, ನಲವತ್ತೆರಡು ಭಾಗಿಸು ಏಳು, ಆರು ನಿಮಿಷ.

ತರಗತಿ ಸ್ತಬ್ಧವಾಯಿತು.

ಟೀಚರು ತಿರುಗಿ ನೋಡಿದರು. ಮೂವತ್ತನಾಲ್ಕು ಮಕ್ಕಳೂ ಅಲುಗಾಡದೆ ಕೂತಿದ್ದರು. ಇಂಥ ಶಿಸ್ತು ಆ ಕೋಣೆ ಯಾವತ್ತೂ ಕಂಡಿದ್ದಲ್ಲ. ಎರಡನೇ ಬೆಂಚಿನಲ್ಲಿ ಅಲಾರಾಂ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಳು. ಪಾಪ, ಹಲ್ಲುನೋವಿರಬೇಕು ಎಂದುಕೊಂಡರು ಟೀಚರು. ಕಂಡಕ್ಟರ್ ಕತ್ತು ಹೊರಳಿಸಿ ಇಡೀ ತರಗತಿಯ ಮೇಲೆ ಒಂದು ಸಲ ಕಣ್ಣಾಡಿಸಿದಳು.

"ಎಲ್ಲರಿಗೂ ಅರ್ಥ ಆಯ್ತಾ?"

"ಆಯ್ತು ಮಿಸ್" ಎಂದಿತು ತರಗತಿ, ಒಂದೇ ದನಿಯಲ್ಲಿ.

"ಸರಿ, ಬರ್ಕೊಳ್ಳಿ."

ಎಲ್ಲರೂ ತಲೆ ತಗ್ಗಿಸಿ ಬರೆದುಕೊಂಡರು. ಗಂಟೆ ಹೊಡೆಯಿತು. ಶುಕ್ರವಾರ ನೋಟ್‌ಬುಕ್ ತಿದ್ದುವ ದಿನವಾದ್ದರಿಂದ ಕಂಡಕ್ಟರ್ ಎಲ್ಲವನ್ನೂ ಒಟ್ಟುಮಾಡಿ ಮೇಜಿನ ಮೇಲಿಟ್ಟಳು. ಟೀಚರ ಎದೆ ಹಗುರಾಯಿತು. ಪಾಠ ಎಲ್ಲೂ ತೊಡರದೆ ಸಲೀಸಾಗಿ ಮುಗಿದಿತ್ತು.

ಪಾಠದ ನಂತರ ವೀಕ್ಷಕರು ಟೀಚರ ಜೊತೆ ಹತ್ತು ನಿಮಿಷ ಮಾತಾಡಬೇಕೆಂಬುದು ನಿಯಮ. ಮಧ್ಯಾಹ್ನದ ಬಿಡುವಿನಲ್ಲಿ ಇಬ್ಬರೂ ಪ್ರಯೋಗಾಲಯದ ಕೋಣೆಯಲ್ಲಿ ಎದುರುಬದುರು ಕೂತರು.

"ಶಿಸ್ತಿಗೆ ಹತ್ತಕ್ಕೆ ಹತ್ತು ಕೊಟ್ಟಿದ್ದೀನಿ ಟೀಚರ್" ಎಂದರು ಮೇಡಂ. "ನಿಜ ಹೇಳ್ಬೇಕಂದ್ರೆ ಇಷ್ಟು ಶಾಂತವಾದ ಕ್ಲಾಸು ನಾನು ನೋಡೇ ಇಲ್ಲ. ಬಸ್ಸಿನ ಲೆಕ್ಕ ತಂದಿದ್ದು ತುಂಬ ಇಷ್ಟ ಆಯ್ತು. ಆದ್ರೆ..." ಅವರು ಹಾಳೆಯನ್ನು ಈ ಕಡೆ ತಿರುಗಿಸಿದರು. ಅಲ್ಲಿ ಕೆಂಪು ಶಾಯಿ ಇತ್ತು. "ಬಸ್ಸು ಓಡಿದ್ದು ಆರು ದಿನ. ನೀವು ಏಳರಿಂದ ಭಾಗ ಮಾಡಿದ್ರಿ."

ಟೀಚರು ನಾಲಿಗೆ ಕಚ್ಚಿಕೊಂಡರು. ಹೋಗಿ ಹೋಗಿ ಅದೇ ತಪ್ಪು! ಇಲ್ಲದ ಮಕ್ಕಳನ್ನು ಹೆಡ್‌ಮಾಸ್ಟರು ಎಣಿಸಿದ ಹಾಗೆ ಓಡದ ಬಸ್ಸನ್ನು ತಾವು ಎಣಿಸಿದ್ದರು. ನಾಲ್ಕು ದಿನ ಹೊಟ್ಟೆಯೊಳಗೆ ಇಟ್ಟುಕೊಂಡದ್ದು ಕೈಯಿಂದ ಹೊರಗೆ ಬಂದಿತ್ತು.

"ತಪ್ಪು ಎಲ್ಲರಿಗೂ ಆಗುತ್ತೆ, ನಾನೂ ಹದಿನೈದು ವರ್ಷ ಪಾಠ ಮಾಡಿದವಳೇ. ಅದಕ್ಕೆ ನಾನು ಜಾಸ್ತಿ ಕಳೆದಿಲ್ಲ" ಎಂದರು ಮೇಡಂ. ಅವರ ದನಿಯಲ್ಲಿ ನಿಜವಾದ ಸಂಕಟ ಇತ್ತು. "ಆದ್ರೆ ಮೂವತ್ತನಾಲ್ಕು ಮಕ್ಕಳಲ್ಲಿ ಒಬ್ಬರಿಗೂ ಅದು ಗೊತ್ತಾಗಲಿಲ್ಲ. ಅರ್ಥ ಆಯ್ತಾ ಅಂದ್ರೆ ಎಲ್ಲರೂ ಆಯ್ತು ಅಂದ್ರು. ಮಕ್ಕಳ ಗ್ರಹಿಕೆಗೆ ನಾನು ಎರಡೇ ಕೊಡೋಕೆ ಸಾಧ್ಯ. ಒಟ್ಟು ಮೂವತ್ತೆಂಟಾಗಿದೆ."

ಮೂವತ್ತೆಂಟು, ಹದಿನಾಲ್ಕು, ಐವತ್ತೆರಡು. ಇಷ್ಟನ್ನು ಟೀಚರ ಮನಸ್ಸಲ್ಲ, ರೂಢಿ ಲೆಕ್ಕ ಹಾಕಿತು. ಉಗ್ರಾಣ ಖಾತ್ರಿಯಾಯಿತು. ಆದರೆ ಆಶ್ಚರ್ಯವೆಂದರೆ ಅವರ ಎದೆಗೆ ಚುಚ್ಚಿದ್ದು ಉಗ್ರಾಣವಲ್ಲ. ನನ್ನ ಮಕ್ಕಳಿಗೆ ಗೊತ್ತಾಗಲಿಲ್ಲ. ಏಳು ತಿಂಗಳು ದಿನಾ ಕಲಿಸಿದ್ದು ಇದೊಂದೇ, ಕಣ್ಣೆದುರಿನ ತಪ್ಪು ಕಂಡರೆ ಕೂಗಿ ಅಂತ. ಅದೇ ಅವರಿಗೆ ಬರಲಿಲ್ಲ ಎಂದ ಮೇಲೆ ನಾನು ಉಗ್ರಾಣದಲ್ಲಿದ್ದರೇನು, ಇಲ್ಲಿದ್ದರೇನು. ಅವರು ಎದ್ದು ನಮಸ್ಕಾರ ಹೇಳಿ ಹೊರಬಂದರು. ಹೇಳಿದ್ದು ಮೇಡಂಗೋ ಬಾಗಿಲಿಗೋ ಅವರಿಗೇ ತಿಳಿಯಲಿಲ್ಲ.

ಸ್ಟಾಫ್ ರೂಮು ಖಾಲಿಯಿತ್ತು. ಮೇಜಿನ ಮೇಲೆ ಮೂವತ್ತನಾಲ್ಕು ನೋಟ್‌ಬುಕ್ಕುಗಳು ಕೂತಿದ್ದವು. ತಿದ್ದುವ ಮನಸ್ಸಿರಲಿಲ್ಲ. ಆದರೆ ಶುಕ್ರವಾರ ಅಂದರೆ ಶುಕ್ರವಾರ. ಮೇಲಿನದನ್ನು ಎಳೆದುಕೊಂಡು ತೆರೆದರು.

ನಲವತ್ತೆರಡು ಭಾಗಿಸು ಆರು. ಏಳು ನಿಮಿಷ.

ಟೀಚರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಎರಡನೆಯದು ತೆರೆದರು. ಆರು ದಿನ, ಏಳು ನಿಮಿಷ. ಮೂರನೆಯದರಲ್ಲೂ ಏಳು. ನಾಲ್ಕನೆಯದರಲ್ಲಿ ಏಳರ ಕೆಳಗೆ ಎರಡು ಗೆರೆ ಎಳೆದಿತ್ತು. ಆಮೇಲೆ ಅವರ ಕೈ ಒಂದೊಂದಾಗಿ ತೆರೆಯಲಿಲ್ಲ, ಸರಸರನೆ ಹಾಳೆ ಮಗುಚಿತು. ಮೂವತ್ತನಾಲ್ಕರಲ್ಲೂ ಏಳು. ಇವರಲ್ಲಿ ಎಷ್ಟು ಜನ ತಾವೇ ಮಾಡಿದ್ದೋ, ಎಷ್ಟು ಜನ ಪಕ್ಕದವರದ್ದು ನೋಡಿ ಬರೆದದ್ದೋ, ಅದನ್ನು ಕೇಳಬೇಡಿ. ಬೋರ್ಡನ್ನು ನೋಡಿ ಬರೆದವರು ಒಬ್ಬರೂ ಇರಲಿಲ್ಲ.

ಅಲಾರಾಂಳ ನೋಟ್‌ಬುಕ್ಕಿನಲ್ಲಿ ಲೆಕ್ಕದ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಎರಡು ಸಾಲು ಇತ್ತು. ಪಕ್ಕದ ಹುಡುಗಿಗೆ ತೋರಿಸಲು ಬರೆದದ್ದಿರಬೇಕು, ಅಳಿಸಲು ಮರೆತಿದ್ದಳು. "ಮಿಸ್ ಇವತ್ತು ಹೆದರಿಕೊಂಡಿದ್ದಾರೆ. ನಾಳೆ ಹೇಳೋಣ."

ಟೀಚರು ಆ ನೋಟ್‌ಬುಕ್ಕನ್ನು ಮುಖಕ್ಕೆ ಒತ್ತಿಕೊಂಡು, ಡ್ರಾಯಿಂಗ್ ಮೇಷ್ಟ್ರು ಒಳಗೆ ಬರುವವರೆಗೂ ಅತ್ತರು. ಬಂದ ಮೇಷ್ಟ್ರು ಗಾಬರಿಯಾಗಿ, "ಏನಾಯ್ತಮ್ಮಾ, ಕಡಿಮೆ ಕೊಟ್ರಾ?" ಎಂದರು. ಟೀಚರು ಹೌದೆಂದು ತಲೆಯಾಡಿಸುತ್ತಲೇ ನಕ್ಕುಬಿಟ್ಟರು. ಮೇಷ್ಟ್ರು ಏನೂ ತಿಳಿಯದೆ ತಮ್ಮ ಡಬ್ಬಿ ಎತ್ತಿಕೊಂಡು ಬಂದ ದಾರಿಯಲ್ಲೇ ಹೋದರು.

ಬಿಡುವು ಮುಗಿದ ಗಂಟೆ ಹೊಡೆಯುತ್ತಲೇ ಟೀಚರು ಅಲಾರಾಂಳ ನೋಟ್‌ಬುಕ್ ಮೇಲಿಟ್ಟು, ಇಡೀ ಕಟ್ಟನ್ನು ಹೊತ್ತುಕೊಂಡು ಏಳನೇ ತರಗತಿಗೆ ಹೋದರು. ಬೋರ್ಡಿನ ಮೇಲೆ ಬೆಳಗಿನ ಆರು ನಿಮಿಷ ಹಾಗೇ ಇತ್ತು. ಅಳಿಸುವ ಧೈರ್ಯ ಯಾರಿಗೂ ಬಂದಿರಲಿಲ್ಲ.

"ಯಾಕೆ ಸುಮ್ಮನಿದ್ರಿ?"

ಮೂವತ್ತಮೂರು ತಲೆಗಳು ಕಂಡಕ್ಟರ್ ಕಡೆ ತಿರುಗಿದವು. ಅವಳು ಎದ್ದು ನಿಂತಳು. ಬೆನ್ನು ನೆಟ್ಟಗಿತ್ತು.

"ನಾನೇ ಹೇಳಿದ್ದು ಮಿಸ್. ಮಾರ್ಕ್ಸ್ ಕಡಿಮೆ ಬಂದ್ರೆ ನಿಮ್ಮನ್ನ ಕಳಿಸಿಬಿಡ್ತಾರಂತೆ ಅಂತ ಗೊತ್ತಾಯ್ತು. ಆ ಮೇಡಂ ಮುಂದೆ ಯಾರೂ ತಪ್ಪು ಅಂತ ಕೂಗಬಾರದು, ಕೂಗಿದ್ರೆ ನನ್ನ ಹತ್ರ ಮಾತಾಡಬೇಡಿ ಅಂತ ನಾನೇ ಹೇಳಿದ್ದೆ."

"ನನಗೆ ತುಂಬ ಕಷ್ಟ ಆಯ್ತು ಮಿಸ್" ಎಂದಳು ಅಲಾರಾಂ, ಸಣ್ಣ ದನಿಯಲ್ಲಿ. ಅವಳಲ್ಲಿ ಸಣ್ಣ ದನಿಯೂ ಒಂದಿದೆ ಎಂದು ತರಗತಿಗೆ ಅವತ್ತೇ ತಿಳಿದದ್ದು.

"ಎಲ್ಲಾ ಸೇರಿ ನನ್ನನ್ನ ಕಾಪಾಡಿದ್ರಿ, ಅಲ್ವಾ?" ಟೀಚರಿಗೆ ಗದರಿಸಬೇಕಾಗಿತ್ತು. "ನನ್ನ ಕಂಡ್ರೆ ಇಷ್ಟ ಇರೋರು ನನ್ನ ತಪ್ಪನ್ನ ಹಾಗೇ ಬೋರ್ಡ್ ಮೇಲೆ ಬಿಟ್ಟು ಕೂರ್ತಾರೇನ್ರೋ? ಇಷ್ಟ ಇದೆ ಅಂತಾನೇ ಅಲ್ವಾ ಹೇಳಬೇಕಾದ್ದು? ನಾಳೆ ಹೇಳೋಣ ಅಂದ್ರೆ ನಾಳೆವರೆಗೂ ನಾನು ತಪ್ಪಾಗಿಯೇ..."

ಮಾತು ಅಲ್ಲಿಗೇ ನಿಂತಿತು. ಬಣ್ಣ ಚೆನ್ನಾಗಿದೆ ಸಾರ್. ಸೋಮವಾರದ ಆ ಮಾತು ಬಂದು ಅವರ ಎದುರೇ ನಿಂತುಕೊಂಡಿತ್ತು. ಈ ಮಕ್ಕಳು ಅರ್ಧ ದಿನ ಬಾಯಿ ಮುಚ್ಚಿದ್ದಕ್ಕೆ ನಾನು ಇಷ್ಟು ಎಗರಾಡುತ್ತಿದ್ದೇನೆ. ನಾನು ನಾಲ್ಕು ದಿನ ಮುಚ್ಚಿದೆನಲ್ಲ.

ಅವರು ಸೀಮೆಸುಣ್ಣ ಎತ್ತಿ ಅಲಾರಾಂಳ ಕಡೆ ಚಾಚಿದರು. ಅವಳು ನೆಗೆದು ಬಂದು ಏಳನ್ನು ಅಳಿಸಿ ಆರು ಮಾಡಿದಳು, ಆರನ್ನು ಅಳಿಸಿ ಏಳು ಮಾಡಿದಳು. ಟೀಚರು ಹೋಗಿ ಅವಳ ಜಾಗದಲ್ಲಿ ಕೂತರು. ಅಂಚಿನ ಹುಡುಗಿ ಎಂದಿನಂತೆ ಗಾಳಿಯಲ್ಲಿ ನೇತಾಡುತ್ತ ಅವರ ತೋಳು ಹಿಡಿದುಕೊಂಡಳು. ಅವರು ಅರ್ಧ ನಿಮಿಷ ಹಾಗೇ ಕೂತಿದ್ದು, ಎದ್ದು, ಅಲಾರಾಂಳ ಕೈಯಿಂದ ಸೀಮೆಸುಣ್ಣ ವಾಪಸ್ಸು ಕೇಳಿ ತೆಗೆದುಕೊಂಡರು.

"ಹತ್ತು ನಿಮಿಷ ಗಲಾಟೆ ಮಾಡ್ಬೇಡಿ. ನಾನೂ ಒಂದು ಕಡೆ ಕೂಗೋದಿದೆ."

ಹೆಡ್‌ಮಾಸ್ಟರ ಕೋಣೆಯಲ್ಲಿ ವೀಕ್ಷಕಿ ಮೇಡಂ ಕಾಗದಗಳನ್ನು ಲಕೋಟೆಗೆ ಹಾಕುತ್ತಿದ್ದರು. ಇನ್ನೂ ಅಂಟಿಸಿರಲಿಲ್ಲ. ಹೆಡ್‌ಮಾಸ್ಟರು ಕಂಪ್ಯೂಟರಿನ ಮುಂದೆ ತಮ್ಮ ಕುರ್ಚಿಯಲ್ಲಿ ಮಂಕಾಗಿ ಕೂತಿದ್ದರು. ಐವತ್ತೆರಡು ಎಂಬ ಸುದ್ದಿ ಅವರಿಗೂ ಮುಟ್ಟಿತ್ತು. ಒಂದು ಕೈಯಲ್ಲಿ ನೋಟ್‌ಬುಕ್ಕುಗಳ ಕಟ್ಟು, ಇನ್ನೊಂದರಲ್ಲಿ ಸೀಮೆಸುಣ್ಣ ಹಿಡಿದು ಟೀಚರು ಬಾಗಿಲಲ್ಲಿ ನಿಂತರು. ಮಕ್ಕಳಿಗೆ ಹೀಗೆ ಕೂಗುವುದು ದಿನಾ ಹೇಗೆ ಸಾಧ್ಯವಾಗುತ್ತದೋ.

"ಸಾರ್, ತಪ್ಪು" ಎಂದರು.

ಹೆಡ್‌ಮಾಸ್ಟರು ತಲೆಯೆತ್ತಿದರು. ಅವರ ಕಣ್ಣು ಸೀಮೆಸುಣ್ಣದ ಮೇಲೆ ನಿಂತಿತು.

"ನಿಮ್ಮ ಪಟ್ಟಿಲಿ ನಮ್ಮ ಕ್ಲಾಸಿಗೆ ಮೂವತ್ತೆಂಟು ಅಂತಿದೆ. ಕಾರ್ಖಾನೆ ಮುಚ್ಚಿದಾಗ ಹೋದ ನಾಲ್ಕು ಮಕ್ಕಳೂ ಅದರಲ್ಲಿ ಇದ್ದಾರೆ ಸಾರ್. ಪರೀಕ್ಷೆ ಬರೆದಿದ್ದು ಮೂವತ್ತನಾಲ್ಕು. ಸರಾಸರಿ ಐವತ್ತೇಳು ಬರಬೇಕು."

ಹೆಡ್‌ಮಾಸ್ಟರು ಚೌಕವನ್ನು ನೋಡಿದರು, ಬೆರಳು ಮಡಿಸಿ ಎಣಿಸಿದರು, ಮತ್ತೆ ನೋಡಿದರು. ಮುಖ ಸಪ್ಪಗಾಯಿತು. ಟೀಚರು ಹೆದರಿದ್ದು ಇದಕ್ಕೇ. ಅವರಿಗೆ ಅಲ್ಲಿಂದ ಓಡಿಹೋಗಬೇಕೆನ್ನಿಸಿತು.

"ಆ ನಾಲ್ಕು ಜನಕ್ಕೂ ನಾನೇ ಸಹಿ ಹಾಕಿ ಕಳಿಸಿದ್ದೆ" ಎಂದರು ಹೆಡ್‌ಮಾಸ್ಟರು ನಿಧಾನವಾಗಿ. "ನೀವು ಯಾವಾಗ ನೋಡಿದ್ರಿ?"

"ಸೋಮವಾರ ಸಾರ್."

"ಸೋಮವಾರಾನೇ? ಮತ್ತೆ ಯಾಕೆ ಹೇಳಲಿಲ್ಲ?"

ಟೀಚರು ಅಲಾರಾಂಳ ನೋಟ್‌ಬುಕ್ ತೆರೆದು ಮೇಜಿನ ಮೇಲಿಟ್ಟು ಅಂಚನ್ನು ತೋರಿಸಿದರು. ಹೆಡ್‌ಮಾಸ್ಟರು ಓದಿದರು. ವೀಕ್ಷಕಿ ಮೇಡಂ ಕತ್ತು ಚಾಚಿ ಓದಿದರು. ಆಮೇಲೆ ಅವರು ಏನೂ ಕೇಳದೆ ಕಟ್ಟಿನಿಂದ ಇನ್ನೊಂದು ನೋಟ್‌ಬುಕ್ ತೆಗೆದರು, ಮತ್ತೊಂದು ತೆಗೆದರು. ಹತ್ತು ಹನ್ನೆರಡು ನೋಡುವಷ್ಟರಲ್ಲಿ ಇಸ್ತ್ರಿ ಮುರಿಯದ ಸೀರೆಯ ಸೆರಗು ಅವರ ಕಣ್ಣಿನ ಹತ್ತಿರ ಹೋಗಿತ್ತು.

"ಬರೆದ ಅಂಕ ಅಳಿಸೋ ಹಾಗಿಲ್ಲ ಟೀಚರ್, ನಿಯಮ" ಎಂದು ಅವರು ಲಕೋಟೆಯಿಂದ ಹಾಳೆ ಹೊರಗೆಳೆದರು. "ಆದ್ರೆ ಕೆಳಗೆ ಟಿಪ್ಪಣಿಗೆ ಎರಡು ಸಾಲು ಜಾಗ ಬಿಟ್ಟಿದ್ದಾರೆ." ನೀಲಿ ಪೆನ್ನಿನಲ್ಲಿ ಬರೆದರು: ಬೋರ್ಡಿನ ಮೇಲೆ ತಪ್ಪು, ಒಂದು. ಮೂವತ್ತನಾಲ್ಕು ಮಕ್ಕಳ ನೋಟ್‌ಬುಕ್ಕುಗಳಲ್ಲಿ, ಒಂದೂ ಇಲ್ಲ.

ಅಷ್ಟರಲ್ಲಿ ಹೆಡ್‌ಮಾಸ್ಟರು ಎದ್ದು ನಿಂತಿದ್ದರು. ಕುರ್ಚಿಯನ್ನು ಟೀಚರ ಕಡೆ ತಿರುಗಿಸಿದರು.

"ಬನ್ನಿ, ಕೂತ್ಕೊಳ್ಳಿ."

"ಅಯ್ಯೋ ಬೇಡ ಸಾರ್, ನೀವೇ..."

"ನಿಮ್ಮ ಕಾನೂನು ಎಲ್ಲರಿಗೂ ಒಂದೇ ಅಲ್ವಾ? ತಪ್ಪು ಹಿಡಿದವರು ನೀವು. ಕೂತ್ಕೊಳ್ಳಿ."

ಅಷ್ಟು ಹೇಳಿ ಹೆಡ್‌ಮಾಸ್ಟರು ಹೋಗಿ, ತಡವಾಗಿ ಬಂದ ಮಕ್ಕಳನ್ನು ಕೂರಿಸುವ ಮೂಲೆಯ ಗಿಡ್ಡ ಸ್ಟೂಲಿನ ಮೇಲೆ ಕೂತುಬಿಟ್ಟರು. ಮೊಣಕಾಲು ಗದ್ದಕ್ಕೆ ತಾಗುತ್ತಿದ್ದವು. ಟೀಚರು ಕುರ್ಚಿಯ ತುದಿಯಲ್ಲಿ ಕೂತು, ಮೂವತ್ತೆಂಟು ಅಳಿಸಿ ಮೂವತ್ತನಾಲ್ಕು ಒತ್ತಿದರು. ಐವತ್ತೊಂದು ಹೋಗಿ ಐವತ್ತೇಳು ಬಂತು. ಚೌಕ ಹಸಿರಾಯಿತು.

"ನೋಡಿದ್ರಾ, ತಾನಾಗೇ ಬದಲಾಯ್ತು!" ಎಂದರು ಹೆಡ್‌ಮಾಸ್ಟರು ಸ್ಟೂಲಿನಿಂದಲೇ. ಹೋದ ಬಣ್ಣವೆಲ್ಲ ಅವರ ಮುಖಕ್ಕೆ ವಾಪಸ್ಸು ಬಂದಿತ್ತು.

"ಇಪ್ಪತ್ತಾರು, ಮೂವತ್ತೆಂಟು" ಎಂದು ಕೂಡಿ, ವೀಕ್ಷಕಿ ಮೇಡಂ ಹಾಳೆಯ ಕೊನೆಯಲ್ಲಿ ಅರವತ್ತನಾಲ್ಕು ಎಂದು ಬರೆದರು. ಕೂಡಿದ್ದು ಸರಿಯಿದೆಯೇ ಎಂದು ಒಂದು ಸಲ ಟೀಚರ ಮುಖ ನೋಡಿದರು. ಟೀಚರು ತಲೆಯಾಡಿಸಿದರು. ಆ ತಲೆಯಾಡಿಸುವುದರಲ್ಲಿ ಒಂದು ಹನಿ ಕೀಲಿಮಣೆಯ ಮೇಲೆ ಬಿತ್ತು. ಅವರು ಅದನ್ನು ಸೆರಗಿನಿಂದ ಒರೆಸಿ, ಎದ್ದೇಳಲು ಹೋದವರು ಏನೋ ಹೊಳೆದು ಮತ್ತೆ ಪಟ್ಟಿಯನ್ನು ನೋಡಿದರು. ಆರನೇ ತರಗತಿ, ಐದನೇ ತರಗತಿ. ಕಾರ್ಖಾನೆಯವರ ಮಕ್ಕಳು ಏಳನೇ ತರಗತಿಯಲ್ಲಿ ಮಾತ್ರ ಇದ್ದವರಲ್ಲ. ಕೆಂಪು ಚೌಕಗಳು ಇನ್ನೂ ಇದ್ದವು. ಅದರಲ್ಲೊಂದು ಡ್ರಾಯಿಂಗ್ ಮೇಷ್ಟ್ರದು. ತಾನು ಬಾಯಿ ಮುಚ್ಚಿದ್ದರೆ ಯಾರು ಯಾರು ಉಗ್ರಾಣಕ್ಕೆ ಹೋಗುತ್ತಿದ್ದರು ಎಂಬುದು ಅವರಿಗೆ ಈಗ ಕಂಡಿತು.

ಮೂಲೆಯಲ್ಲಿ ಹೆಡ್‌ಮಾಸ್ಟರು ಒಂದು ಕೈ ಮೇಲೆತ್ತಿದರು.

"ಮಿಸ್, ಲೆಕ್ಕ ಸರಿಯಾಯ್ತಲ್ಲ. ನಾನಿನ್ನು ನನ್ನ ಜಾಗಕ್ಕೆ ಬರಬಹುದಾ?"

"ಇನ್ನೂ ಆರು ತರಗತಿ ಇದೆ ಸಾರ್" ಎಂದು ಟೀಚರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. "ಕೂತಿರಿ."